ಇಕ್ಕಟ್ಟು, ಬಿಗಿ, ಸಂವರ: ಕಿರಿದಾಗುವಿಕೆಯ ಪದಗಳು

ಕಿರಿದಾಗುವುದನ್ನೂ ಬಿಗಿಯಾಗುವುದನ್ನೂ ಸೂಚಿಸಲು ಕನ್ನಡದಲ್ಲಿ ಪದಗಳಿಗೆ ಕೊರತೆಯಿಲ್ಲ. ಇರುಕು, ಇಕ್ಕಟ್ಟು, ಬಿಗಿ, ಕಟ್ಟು ಎಂಬ ದೇಶ್ಯಪದಗಳ ಜೊತೆಗೆ ಸಂಕಟ, ಸಂಕೋಚ, ಸಂವರ ಎಂಬ ಸಂಸ್ಕೃತಪದಗಳೂ ಈ ಅರ್ಥವಲಯಕ್ಕೆ ಸೇರುತ್ತವೆ. ಇವುಗಳ ಬಳಕೆಯನ್ನು ಪರಿಶೀಲಿಸಿದರೆ ಒಂದು ಭೇದ ಎದ್ದು ಕಾಣುತ್ತದೆ: ಹೊರಗಿನಿಂದ ಬಂದೆರಗುವ ಕಿರಿದುತನ ಬೇರೆ, ತಾನಾಗಿ ತಂದುಕೊಳ್ಳುವ ಕಿರಿದುತನ ಬೇರೆ.

‘ಇಕ್ಕಟ್ಟು’ ಮೊದಲ ಬಗೆಯದು. ಸ್ಥಳದ ಅಭಾವವನ್ನು ಹೇಳುವ ಈ ಪದ ದಿಕ್ಕುತೋಚದ ಸ್ಥಿತಿಗೂ ಸಲ್ಲುತ್ತದೆ. ಮನುಷ್ಯ ಇಕ್ಕಟ್ಟಿಗೆ ‘ಸಿಲುಕುತ್ತಾನೆ’; ಅದನ್ನು ತಾನೇ ಆರಿಸಿಕೊಳ್ಳುವುದಿಲ್ಲ. ಹಳಗನ್ನಡದಲ್ಲಿ ಶಕಟರೇಫದೊಡನೆ ‘ಇಱುಕು’ ಎಂದಿದ್ದ ಧಾತುವಿನಲ್ಲಿಯೂ ಒತ್ತಡದ ಭಾವವೇ ಇದೆ. ಸಂಸ್ಕೃತದ ‘ಸಂಕಟ’ ಮೂಲತಃ ಇಕ್ಕಟ್ಟಾದ ಎಡೆಯನ್ನು ಹೇಳುವ ಪದ; ಕನ್ನಡದಲ್ಲಿ ಆ ಅರ್ಥ ಮರೆಯಾಗಿ ನೋವು ಮಾತ್ರ ಉಳಿದಿದೆ. ಲ್ಯಾಟಿನ್ನಿನಲ್ಲಿ ಕಿರಿದು ಎಂಬರ್ಥದ ‘ಅಂಗುಸ್ತುಸ್’ ಪದದ ಕುಲದಿಂದಲೇ ಇಂಗ್ಲಿಷಿನ ‘ಆಂಗ್ವಿಶ್’ ಬಂದಿರುವುದನ್ನು ಇಲ್ಲಿ ನೆನೆಯಬಹುದು.

‘ಬಿಗಿ’ಯ ಸ್ವಭಾವ ಬೇರೆ. ಅದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಬಿಗಿಯುವವನೊಬ್ಬ ಅಲ್ಲಿ ಇದ್ದೇ ಇರುತ್ತಾನೆ. ‘ಹಣದ ಇಕ್ಕಟ್ಟು’ ಎಂದರೆ ಕಷ್ಟ; ‘ಕೈ ಬಿಗಿಹಿಡಿದು’ ಖರ್ಚುಮಾಡುವುದು ವಿವೇಕ. ಕಾವ್ಯದ ಬಂಧ ಬಿಗಿಯಾಗಿದೆ ಎಂಬುದು ವಿಮರ್ಶಕರ ಮೆಚ್ಚುಗೆ. ಮೇರೆ ಮೀರಿದಾಗ ಮಾತ್ರ ಅದು ‘ಬಿಗುಮಾನ’ವಾಗುತ್ತದೆ.

‘ಕಟ್ಟು’ ಎಂಬ ಪದ ಈ ಎರಡು ಬಗೆಗಳ ಗಡಿಯಲ್ಲಿ ನಿಲ್ಲುತ್ತದೆ. ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಲ್ಲಿ ಇದಕ್ಕೆ ನಿದರ್ಶನಗಳಿವೆ. ಕಾವೇರಿಯ ಚುಂಚನಕಟ್ಟೆ ಮತ್ತು ಲಕ್ಷ್ಮಣತೀರ್ಥದ ಹನಗೋಡು ಅಣೆಕಟ್ಟೆಗಳಲ್ಲಿ ನದಿಯನ್ನು ತಡೆದುದರಿಂದ ಗದ್ದೆಗಳು ಹರವಾದವು. ಹಂಪಾಪುರದ ಸೀಮೆಗೆ ಹತ್ತಿರದ ಬೀಚನಹಳ್ಳಿಯಲ್ಲಿ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯೂ ಅಂತಹುದೇ. ಆದರೆ ಆ ಜಲಾಶಯದಲ್ಲಿ ಊರುಗಳನ್ನು ಕಳೆದುಕೊಂಡವರಿಗೆ ಆ ‘ಕಟ್ಟು’ ಇಕ್ಕಟ್ಟಾಗಿಯೇ ಒದಗಿತು. ಒಂದೇ ಕ್ರಿಯೆ ಕಟ್ಟಿದವರ ಪಾಲಿಗೆ ಒಂದು ಪದ, ಅದಕ್ಕೆ ಸಿಲುಕಿದವರ ಪಾಲಿಗೆ ಇನ್ನೊಂದು ಪದ.

ತಾನಾಗಿ ಕಿರಿದುಮಾಡಿಕೊಳ್ಳುವುದನ್ನು ಶಾಸ್ತ್ರವಾಗಿಯೇ ಬೆಳೆಸಿದ ಪರಂಪರೆಯೂ ಇದೇ ನೆಲದಲ್ಲಿದೆ. ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆ ಚಂಗಾಳ್ವರ ಆಶ್ರಯ ಪಡೆದ ಜೈನ ಕೇಂದ್ರ. ಅಲ್ಲಿಯ ತ್ರಿಕೂಟ ಬಸದಿ ಪ್ರಸಿದ್ಧ. ದೇಸಿಗಣದ ಪುಸ್ತಕಗಚ್ಛದ ಒಂದು ಶಾಖೆಗೆ ‘ಪನಸೋಗೆ ಬಳಿ’ ಎಂಬ ಹೆಸರು ಬಂದುದು ಈ ಊರಿನಿಂದಲೇ. ಜೈನ ಶ್ರಾವಕಾಚಾರದಲ್ಲಿ ‘ದಿಗ್ವ್ರತ’ವು ನದಿ, ಬೆಟ್ಟಗಳನ್ನು ಮೇರೆಯಾಗಿಟ್ಟು ದಿಕ್ಕುಗಳ ಸಂಚಾರವನ್ನು ಜೀವಾವಧಿಗೆ ಮಿತಗೊಳಿಸುತ್ತದೆ, ‘ದೇಶವ್ರತ’ವು ಆ ಮೇರೆಯನ್ನು ನಿಯತ ಕಾಲಕ್ಕೆ ಊರು, ಕೇರಿ, ಮನೆಗಳವರೆಗೂ ಕಿರಿದಾಗಿಸುತ್ತದೆ. ಮನಸ್ಸು, ಮಾತು, ಕಾಯಗಳ ನಿಗ್ರಹ ‘ಗುಪ್ತಿ’. ಕರ್ಮದ ಒಳಹರಿವನ್ನು ತಡೆಯುವುದು ‘ಸಂವರ’. ನಿಷಿಧಿ ಶಾಸನಗಳ ‘ಸಲ್ಲೇಖನ’ಕ್ಕೆ ಕಾಯವನ್ನೂ ಕಷಾಯಗಳನ್ನೂ ವಿಧಿಪೂರ್ವಕ ಕೃಶಗೊಳಿಸುವುದೆಂದು ಅರ್ಥ. ಜೀವದ ಪ್ರದೇಶಗಳು ದೀಪದ ಬೆಳಕಿನಂತೆ ದೇಹಕ್ಕನುಗುಣವಾಗಿ ಸಂಕೋಚ-ವಿಸ್ತಾರಗಳನ್ನು ಹೊಂದುತ್ತವೆ ಎಂಬುದು ತತ್ತ್ವಾರ್ಥಸೂತ್ರದ ನಿಲುವು. ಸಂಕೋಚದಿಂದ ಅಲ್ಲಿ ಜೀವಕ್ಕೆ ನಷ್ಟವಿಲ್ಲ.

ಇಂದಿನ ಕನ್ನಡದಲ್ಲಿ ‘ಸಂಕುಚಿತ’ ಎಂಬುದು ಬಹುಮಟ್ಟಿಗೆ ನಿಂದೆಯ ಮಾತು. ‘ಸಂಕೋಚ’ವಂತೂ ನಾಚಿಕೆಗೆ ಸಮೀಪವಾಗಿದೆ. ಈ ಅರ್ಥಗಳನ್ನು ಹೊತ್ತು ಹಳೆಯ ಜೈನ ಕೃತಿಗಳನ್ನೋ ಶಾಸನಗಳನ್ನೋ ಓದಿದರೆ ವ್ರತವು ಸಂಕುಚಿತ ಬುದ್ಧಿಯಂತೆಯೂ ಸಂಯಮವು ಬಂಧನದಂತೆಯೂ ತೋರುತ್ತವೆ. ಆದ್ದರಿಂದ ಇಂತಹ ಪದಕ್ಕೆ ಅರ್ಥ ಬರೆಯುವ ಮುನ್ನ ವಿದ್ಯಾರ್ಥಿ ಅದರ ಕರ್ತೃವನ್ನು ಹುಡುಕಬೇಕು. ಬಿಗಿದವರು ಯಾರು, ಬಿಗಿಗೆ ಒಳಗಾದವರು ಯಾರು ಎಂಬುದು ತಿಳಿದರೆ, ಅಲ್ಲಿರುವುದು ಸಂಕಟವೋ ಸಂವರವೋ ಎಂಬುದು ತಾನೇ ಸ್ಪಷ್ಟವಾಗುತ್ತದೆ.