ಸೂಲೂರಿನಲ್ಲಿ ಹುಟ್ಟಿದ ಮಗು, ಮಂಗಳೂರಿನ ಹೆಸರು: ಸೇನಾ ಕುಟುಂಬಗಳು ತಿಳಿದಿರಬೇಕಾದ ವಿಷಯಗಳು

ಕರಾವಳಿಯಲ್ಲಿ ಹೆರಿಗೆ ಅಂದರೆ ಹುಡುಗಿಯ ತವರಿನ ಜವಾಬ್ದಾರಿ. ತಿಂಗಳು ತುಂಬುವ ಮೊದಲೇ ಉಮ್ಮ ಬಂದು ಕರೆದುಕೊಂಡು ಹೋಗ್ತಾರೆ, ಹೆರಿಗೆ ಅಲ್ಲೇ ಆಗ್ತದೆ, 40 ದಿನದ ಬಾಣಂತನವೂ ಅಲ್ಲೇ. ಆದರೆ ಗಂಡ ಸೇನೆಯಲ್ಲಿದ್ದು, ಸಂಸಾರ ತಮಿಳುನಾಡಿನ ಕ್ವಾರ್ಟರ್ಸ್‌ನಲ್ಲಿದ್ದರೆ ಈ ಲೆಕ್ಕಾಚಾರ ಬದಲಾಗ್ತದೆ. ಊರಿಗೆ ಹೋಗುವುದೋ ಇಲ್ಲಿಯೇ ಹೆರಿಗೆ ಮಾಡಿಸುವುದೋ, ಮಗು ಹುಟ್ಟುವ ದಿನ ಗಂಡ ಇರ್ತಾನೋ ಇಲ್ಲವೋ, ಇದಾವುದೂ ಮನೆಯವರು ಕೂತು ತೀರ್ಮಾನಿಸುವ ವಿಷಯವಾಗಿ ಉಳಿಯುವುದಿಲ್ಲ. ಮಗು ಬಂದ ಸಂತೋಷದ ಗಡಿಬಿಡಿಯಲ್ಲಿ ಕಾಗದದ ಮೇಲೆ ಒಂದು ಅಕ್ಷರ ತಪ್ಪಿದರೆ, ಅದು ಮುಂದಿನ ಹತ್ತಿಪ್ಪತ್ತು ವರ್ಷ ಆ ಮಗುವನ್ನು ಹಿಂಬಾಲಿಸುವುದೂ ಉಂಟು.

ಕೊಯಮತ್ತೂರು ಸುತ್ತಮುತ್ತ ಸೇನೆಯ ನೆಲೆಗಳು ಬಹಳ. ನಗರದಿಂದ ಪೂರ್ವಕ್ಕೆ, ತಿರುಪ್ಪೂರು ಜಿಲ್ಲೆಯ ಕಡೆಗೆ ಹೋಗುವ ದಾರಿಯಲ್ಲಿ ಸೂಲೂರು ವಾಯುನೆಲೆ ಇದೆ. ದೇಶೀಯವಾಗಿ ತಯಾರಾದ ತೇಜಸ್ ಯುದ್ಧವಿಮಾನದ ಎರಡು ಸ್ಕ್ವಾಡ್ರನ್‌ಗಳು ಇಲ್ಲಿ ಬೆಳೆದವು. 45ನೇ ಸ್ಕ್ವಾಡ್ರನ್ 2016ರಲ್ಲಿ ಬೆಂಗಳೂರಿನಲ್ಲಿ ತೇಜಸ್‌ನೊಂದಿಗೆ ಶುರುವಾಗಿ 2018ರಲ್ಲಿ ಸೂಲೂರಿಗೆ ಬಂತು, 18ನೇ ಸ್ಕ್ವಾಡ್ರನ್ 2020ರ ಮೇ ತಿಂಗಳಲ್ಲಿ ಇಲ್ಲಿಯೇ ತೇಜಸ್ ಪಡೆಯಿತು. ನಗರದೊಳಗೆ ರೆಡ್‌ಫೀಲ್ಡ್ಸ್‌ನಲ್ಲಿ ವಾಯುಪಡೆಯ ಆಡಳಿತ ಕಾಲೇಜು ಉಂಟು, ನೌಕಾಪಡೆಯ ತರಬೇತಿ ಕೇಂದ್ರ ಐಎನ್‌ಎಸ್ ಅಗ್ರಣಿಯೂ ಕೊಯಮತ್ತೂರಿನಲ್ಲೇ. ಘಾಟಿ ಹತ್ತಿದರೆ ನೀಲಗಿರಿಯ ವೆಲ್ಲಿಂಗ್ಟನ್: ಮದ್ರಾಸ್ ರೆಜಿಮೆಂಟಿನ ಕೇಂದ್ರ, ಸ್ಟಾಫ್ ಕಾಲೇಜು ಮತ್ತು ಮಿಲಿಟರಿ ಆಸ್ಪತ್ರೆ.

ಈ ನೆಲಕ್ಕೂ ಕನ್ನಡಕ್ಕೂ ಹಳೆಯ ನಂಟು. 1799ರವರೆಗೆ ಕೊಯಮತ್ತೂರು ಮೈಸೂರಿನ ಹೈದರಲಿ, ಟಿಪ್ಪುವಿನ ಆಡಳಿತದಲ್ಲಿತ್ತು. ಮನೆಯಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರು ಇಂದಿಗೂ ಇಲ್ಲಿದ್ದಾರೆ. ಇಲ್ಲಿನ ತಮಿಳು ಮುಸ್ಲಿಮರಲ್ಲಿ ದೊಡ್ಡ ಸಮುದಾಯ ರಾವುತರ್. ಆ ಹೆಸರಿನ ಅರ್ಥ ಕುದುರೆ ಸವಾರ, ನಮ್ಮ ಕನ್ನಡದ ‘ರಾವುತ’ನೇ. ಹಾಗಾಗಿ ಸೈನಿಕನ ಮನೆಯಲ್ಲಿ ತೊಟ್ಟಿಲು ಕಟ್ಟುವುದು ಈ ಊರಿಗೆ ಹೊಸತೇನಲ್ಲ.

ತಂದೆಗೆ ರಜೆ, ತಾಯಿಗೆ ರಜೆ

ಗಂಡು ಯೋಧರಿಗೆ ಪಿತೃತ್ವ ರಜೆ 15 ದಿನ. ಇದು ಇಬ್ಬರು ಮಕ್ಕಳವರೆಗೆ ಮಾತ್ರ. ವಾರ್ಷಿಕ ರಜೆ, ಕ್ಯಾಶುವಲ್ ರಜೆ ಬೇರೆ ಇದ್ದೇ ಇವೆ, ಆದರೆ ರಜೆ ಇದೆ ಅನ್ನುವುದಕ್ಕೂ ಸಿಗ್ತದೆ ಅನ್ನುವುದಕ್ಕೂ ವ್ಯತ್ಯಾಸ ಉಂಟು. ಗಡಿಯಲ್ಲಿರುವವನಿಗೆ ಯೂನಿಟ್ ಬಿಟ್ಟರೆ ಮಾತ್ರ ರಜೆ. ಗಲ್ಫ್ ಮನೆಗಳಿಗೆ ಇದು ಚೆನ್ನಾಗಿ ಗೊತ್ತು. ಮಗುವಿನ ಮುಖವನ್ನು ಮೊದಲು ವೀಡಿಯೊ ಕಾಲ್‌ನಲ್ಲಿ ನೋಡಿದ ತಂದೆಯಂದಿರು ನಮ್ಮಲ್ಲಿ ಕಡಿಮೆಯೇ? ವ್ಯತ್ಯಾಸ ಇಷ್ಟೆ, ಗಲ್ಫ್‌ನಲ್ಲಿರುವವನು ಟಿಕೆಟ್ ಮಾಡಿ ಹೊರಡಬಹುದು, ಯೋಧನಿಗೆ ಕೆಲವೊಮ್ಮೆ ಫೋನೂ ಸಿಗುವುದಿಲ್ಲ. ಆದ್ದರಿಂದ ಹೆರಿಗೆಯ ಅಂದಾಜು ದಿನಾಂಕವನ್ನು ವೈದ್ಯರ ಚೀಟಿ ಸಹಿತ ಯೂನಿಟ್‌ಗೆ ಮೊದಲೇ ತಿಳಿಸಿಡುವುದು ಒಳ್ಳೆಯದು.

ಸೇನೆಯಲ್ಲಿರುವ ಮಹಿಳೆಯರ ವಿಷಯದಲ್ಲಿ ದೊಡ್ಡ ಬದಲಾವಣೆ ಬಂದದ್ದು 2023ರ ನವೆಂಬರಿನಲ್ಲಿ. ಅಲ್ಲಿಯವರೆಗೆ ಅಧಿಕಾರಿ ದರ್ಜೆಯವರಿಗೆ ಇದ್ದ ಹೆರಿಗೆ ರಜೆ, ಶಿಶುಪಾಲನಾ ರಜೆ ಮತ್ತು ದತ್ತು ರಜೆಯ ನಿಯಮಗಳನ್ನು ರಕ್ಷಣಾ ಸಚಿವಾಲಯ ಎಲ್ಲ ದರ್ಜೆಯ ಮಹಿಳಾ ಸೈನಿಕರು, ನಾವಿಕರು, ವಾಯುಯೋಧರಿಗೆ ವಿಸ್ತರಿಸಿತು. ಪ್ರತಿ ಹೆರಿಗೆಗೆ 180 ದಿನ ಪೂರ್ಣ ವೇತನದ ರಜೆ, ಇಬ್ಬರು ಮಕ್ಕಳವರೆಗೆ. ಇಡೀ ಸೇವಾವಧಿಯಲ್ಲಿ ಶಿಶುಪಾಲನಾ ರಜೆ 360 ದಿನ. ಒಂದು ವರ್ಷದೊಳಗಿನ ಮಗುವನ್ನು ದತ್ತು ಪಡೆದರೂ 180 ದಿನ.

ಸೇನೆಗೆ ಸೇರಲು ಹೊರಟ ಹುಡುಗರಿಗೆ ಒಂದು ಮಾತು. 2022ರ ಅಗ್ನಿಪಥ ಯೋಜನೆಯಡಿ ಅವಿವಾಹಿತರಿಗೆ ಮಾತ್ರ ಪ್ರವೇಶ. ನಾಲ್ಕು ವರ್ಷದ ಅವಧಿ ಮುಗಿಯುವ ಮೊದಲು ಮದುವೆಯಾದರೆ ಕೆಲಸ ಹೋಗ್ತದೆ. ನಿಖಾಹ್ ಮಾತುಕತೆಗೆ ಕೂರುವ ಎರಡೂ ಮನೆಯವರು ಇದನ್ನು ತಿಳಿದಿರಬೇಕು.

ಗರ್ಭಿಣಿಯಾಗಿರುವಾಗಲೇ ಒಂದು ನಂಬರ್

ನಮ್ಮಲ್ಲಿ ಆಶಾ ಕಾರ್ಯಕರ್ತೆ ಬಂದು ‘ತಾಯಿ ಕಾರ್ಡ್’ ಮಾಡಿಸಿಕೊಡ್ತಾರೆ. ತಮಿಳುನಾಡಿನಲ್ಲಿ ಇದಕ್ಕೆ ಸಮನಾದದ್ದು ‘ಪಿಕ್ಮಿ’ ಎಂಬ ನೋಂದಣಿ. ಗರ್ಭಿಣಿಯ ಹೆಸರು ದಾಖಲಾದ ಮೇಲೆ 12 ಅಂಕೆಯ ಒಂದು ಸಂಖ್ಯೆ ಸಿಗ್ತದೆ. ಜನನ ಪ್ರಮಾಣಪತ್ರ ಮಾಡಿಸುವಾಗ ಅಲ್ಲಿ ಈ ನಂಬರ್ ಕೇಳ್ತಾರೆ. ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳುವವರಿಗೂ, ಬೇರೆ ರಾಜ್ಯದವರಿಗೂ ಇದು ಬೇಕು. ಕ್ವಾರ್ಟರ್ಸ್‌ನೊಳಗೇ ಇದ್ದು ಸೇನೆಯ ವೈದ್ಯರಿಗೆ ಮಾತ್ರ ತೋರಿಸುವವರು ಎಷ್ಟೋ ಸಲ ಇದನ್ನು ಬಿಟ್ಟುಬಿಡ್ತಾರೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಆರಂಭದಲ್ಲೇ ಕಂಡರೆ ಸಾಕು. ಹೆರಿಗೆಗೆ ಊರಿಗೆ ಬರುವವರಾದರೂ ತಮಿಳುನಾಡಿನ ಕಾರ್ಡನ್ನು ಜೊತೆಗೆ ತರಬೇಕು, ರಕ್ತದ ಗುಂಪು, ಸ್ಕ್ಯಾನಿಂಗ್, ಹಾಕಿಸಿದ ಇಂಜೆಕ್ಷನ್ ಎಲ್ಲ ಅದರಲ್ಲಿರ್ತದೆ.

ಪ್ರಯಾಣವೇ ಒಂದು ವಿಷಯ. ಮಂಗಳೂರಿಗೂ ಕೊಯಮತ್ತೂರಿಗೂ ನಡುವೆ ನೇರ ಇಂಟರ್‌ಸಿಟಿ ರೈಲು ಉಂಟು. ಕಾಸರಗೋಡು, ಕಣ್ಣೂರು, ಕೋಝಿಕ್ಕೋಡ್, ಪಾಲಕ್ಕಾಡ್ ದಾಟಿ ಹೋಗ್ತದೆ. ಆದರೆ ಹಗಲಿಡೀ ಕೂತೇ ಹೋಗಬೇಕು, ತುಂಬು ಗರ್ಭಿಣಿಗೆ ಕಷ್ಟ. ಬರ್ತ್ ಇರುವ ರೈಲು ಆರಿಸಿ, ಗರ್ಭಿಣಿಯರಿಗಿರುವ ಕೆಳಗಿನ ಬರ್ತಿನ ಕೋಟಾದಲ್ಲಿ ಬುಕ್ ಮಾಡಬಹುದು.

ಹೆಸರು ಬರೆಯುವಲ್ಲಿ ಎಚ್ಚರ

ಜನನ ನೋಂದಣಿ ಮಗು ಹುಟ್ಟಿದ ಜಾಗದಲ್ಲಿ, ತಂದೆ-ತಾಯಿಯ ಊರಿನಲ್ಲಲ್ಲ. ಮಂಗಳೂರಿನ ಲೇಡಿಗೋಷನ್‌ನಲ್ಲಿ ಹುಟ್ಟಿದರೆ ಮಂಗಳೂರು, ತಿರುಪ್ಪೂರಿನಲ್ಲಿ ಹುಟ್ಟಿದರೆ ತಿರುಪ್ಪೂರು. ಚಲಿಸುವ ವಾಹನದಲ್ಲಿ ಹುಟ್ಟಿದರೆ ಅದು ಮೊದಲು ನಿಂತ ಜಾಗದಲ್ಲಿ. 1969ರ ಜನನ-ಮರಣ ನೋಂದಣಿ ಕಾಯ್ದೆ ಪ್ರಕಾರ 21 ದಿನದೊಳಗೆ ಮಾಹಿತಿ ಹೋಗಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ತಿಳಿಸುವ ಹೊಣೆ ಆಸ್ಪತ್ರೆಯದ್ದು. ಒಂದು ವರ್ಷ ದಾಟಿದರೆ ಜಿಲ್ಲಾಧಿಕಾರಿ ಅಥವಾ ಅವರು ಅಧಿಕಾರ ಕೊಟ್ಟ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗ್ತದೆ. ಹೆಸರು ಇಡದೆಯೂ ನೋಂದಣಿ ಮಾಡಿಸಬಹುದು. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಲು ಅವಕಾಶ ಉಂಟು, ಆಮೇಲೆ 15 ವರ್ಷದವರೆಗೆ ಶುಲ್ಕ ಕೊಟ್ಟು. ಆಸ್ಪತ್ರೆಯ ಕೌಂಟರಿನಲ್ಲಿ ಅವಸರದಿಂದ ಏನೋ ಒಂದು ಹೆಸರು ಬರೆಸುವುದಕ್ಕಿಂತ, ತಂದೆಯೊಂದಿಗೆ ಮಾತಾಡಿ ಸ್ಪೆಲ್ಲಿಂಗ್ ನಿಶ್ಚಯಿಸಿ ಆಮೇಲೆ ಸೇರಿಸುವುದೇ ಲೇಸು.

ಯಾಕೆಂದರೆ ತಮಿಳುನಾಡಿನ ಪ್ರಮಾಣಪತ್ರ ಇರುವುದು ತಮಿಳು ಮತ್ತು ಇಂಗ್ಲಿಷಿನಲ್ಲಿ. ತಮಿಳು ಲಿಪಿಯಲ್ಲಿ ಕ-ಗ, ತ-ದ, ಪ-ಬಗಳಿಗೆ ಬೇರೆ ಬೇರೆ ಅಕ್ಷರ ಇಲ್ಲ. ಫಾತಿಮಾ ಅಲ್ಲಿ ಸಾಮಾನ್ಯವಾಗಿ ‘ಪಾತ್ತಿಮಾ’ ಆಗ್ತಾಳೆ, ಝೈನಬ್ ‘ಜೈನಪ್’ ಆಗ್ತಾಳೆ. ತಮಿಳಿನ ಮಟ್ಟಿಗೆ ಅದು ತಪ್ಪಲ್ಲ, ಅವರು ಬರೆಯುವುದೇ ಹಾಗೆ. ತೊಂದರೆ ಶುರುವಾಗುವುದು ಆ ತಮಿಳು ರೂಪವನ್ನು ನೋಡಿಕೊಂಡು ಇಂಗ್ಲಿಷಿನಲ್ಲಿ ಟೈಪ್ ಮಾಡಿದಾಗ. ಆದ್ದರಿಂದ ಹೆಸರನ್ನು ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ ಬರೆದ ಚೀಟಿಯನ್ನೇ ಕೊಡಬೇಕು, ಪ್ರಿಂಟ್ ತೆಗೆಯುವ ಮೊದಲು ಒಮ್ಮೆ ಓದಿ ನೋಡಬೇಕು.

ಎರಡನೆಯದು ಇನಿಶಿಯಲ್. ಅಲ್ಲಿ ತಂದೆಯ ಹೆಸರಿನ ಮೊದಲ ಅಕ್ಷರವನ್ನು ಮಗುವಿನ ಹೆಸರಿನ ಮುಂದೆ ಇಡುವುದು ರೂಢಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಪೂರ್ಣ ಹೆಸರು ಬೇಕು. ಮೂರನೆಯದು ನಮ್ಮದೇ ಸಮಸ್ಯೆ: ಮುಹಮ್ಮದ್, ಮೊಹಮ್ಮದ್, ಮಹಮ್ಮದ್, ಮೊಹ್ಡ್. ಒಂದೇ ಮನೆಯ ನಾಲ್ಕು ಗಂಡಸರ ಆಧಾರ್‌ನಲ್ಲಿ ನಾಲ್ಕು ರೀತಿ. ತಾಯಂದಿರ ಕಥೆಯೂ ಅಷ್ಟೆ, ಆಧಾರ್‌ನಲ್ಲಿ ಬೀಫಾತಿಮಾ, ನಿಖಾಹ್ ದಾಖಲೆಯಲ್ಲಿ ಬರೀ ಫಾತಿಮಾ. ಮಗುವಿನ ಪ್ರಮಾಣಪತ್ರದಲ್ಲಿ ತಂದೆ-ತಾಯಿಯ ಹೆಸರು ಸೇನೆಯ ದಾಖಲೆಯಲ್ಲಿ ಹೇಗಿದೆಯೋ ಹಾಗೆಯೇ ಇರಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಪ್ರವೇಶ, ಆಧಾರ್, ಪಾಸ್‌ಪೋರ್ಟ್, ಸರಕಾರಿ ಕೆಲಸ ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಜಾಗಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಐದು ವರ್ಷದೊಳಗಿನ ಮಗುವಿಗೆ ಬೆರಳಚ್ಚು ಇಲ್ಲದ ನೀಲಿ ಬಾಲ ಆಧಾರ್ ಸಿಗ್ತದೆ, ಅದಕ್ಕೂ ಇದೇ ಕಾಗದ.

ಸೇನೆಯ ದಾಖಲೆಗೆ ಮಗು ಸೇರುವುದು

ಜನನ ಪ್ರಮಾಣಪತ್ರ ಸಿಕ್ಕಿದ ಮಾತ್ರಕ್ಕೆ ಸೇನೆಯ ಲೆಕ್ಕದಲ್ಲಿ ಮಗು ಹುಟ್ಟಿದಂತಲ್ಲ. ಭೂಸೇನೆಯಲ್ಲಿ ‘ಪಾರ್ಟ್ ಟು ಆರ್ಡರ್’ ಅಂತ ಉಂಟು: ಮದುವೆ, ಮಗು, ವಿಳಾಸ ಬದಲಾವಣೆ ಎಲ್ಲ ಅದರಲ್ಲಿ ಪ್ರಕಟವಾಗಬೇಕು. ವಾಯುಪಡೆಯಲ್ಲಿ ಇದಕ್ಕೆ ಪಿಒಆರ್ ಅಂತಾರೆ. ಇದಾದ ಮೇಲೆಯೇ ಅವಲಂಬಿತರ ಕಾರ್ಡ್, ಸೇನಾ ಆಸ್ಪತ್ರೆಯ ಚಿಕಿತ್ಸೆ, ಶಿಕ್ಷಣ ಭತ್ಯೆ. ತಂದೆಗೆ ಏನಾದರೂ ಆದರೆ ಮಕ್ಕಳ ಹಕ್ಕನ್ನು ಮೊದಲು ಹುಡುಕುವುದೂ ಈ ದಾಖಲೆಯಲ್ಲೇ. ಈ ಮಾತನ್ನು ಯಾರೂ ಮನೆಯಲ್ಲಿ ಬಾಯಿಬಿಟ್ಟು ಆಡುವುದಿಲ್ಲ. ಆದರೂ 2021ರ ಡಿಸೆಂಬರ್ 8ರಂದು ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರ್ ಹೊರಟದ್ದು ಇದೇ ಸೂಲೂರಿನಿಂದ, ವೆಲ್ಲಿಂಗ್ಟನ್ ಕಡೆಗೆ. ಗಡಿಯಿಂದ ದೂರದ ಶಾಂತ ಊರಿನ ಪೋಸ್ಟಿಂಗ್ ಅಂದುಕೊಂಡು ಕಾಗದ ಮುಂದೂಡುವ ಹಾಗಿಲ್ಲ. ಮಗುವಿನ ತಂದೆ ದೂರದಲ್ಲಿದ್ದರೆ ಪ್ರಮಾಣಪತ್ರದ ಪ್ರತಿಯನ್ನು ಕೂಡಲೇ ಯೂನಿಟ್‌ಗೆ ಕಳಿಸಿ, ಆರ್ಡರ್ ಬಂದ ಮೇಲೆ ಅದರ ಒಂದು ಪ್ರತಿಯನ್ನು ಪತ್ನಿ ಕೈಯಲ್ಲಿಟ್ಟುಕೊಳ್ಳಬೇಕು.

ಬಾಣಂತನ, ಅಖೀಖಾ

ತವರಿಗೆ ಹೋಗಲಾಗದಿದ್ದರೆ ತವರೇ ಬರಬೇಕಾಗ್ತದೆ. ಉಮ್ಮ ಬರುವಾಗ ಮೆಂತೆ, ಜೀರಿಗೆ, ಕೊಬ್ಬರಿ ಎಣ್ಣೆ ಕಟ್ಟಿ ತರ್ತಾರೆ, ಆದರೆ ಅಲ್ಲಿ ಸಿಗದ್ದೇನೂ ಇಲ್ಲ. ಊರಿನಲ್ಲಿ ಹಾಲು ಹೆಚ್ಚಲಿ ಅಂತ ಬಾಣಂತಿಗೆ ತಾಟೆ ಮೀನು ಕೊಡುವ ಹಾಗೆಯೇ ತಮಿಳರು ‘ಪಾಲ್ ಸುರಾ’ ಪುಟ್ಟು ಮಾಡ್ತಾರೆ, ಎರಡೂ ಒಂದೇ ಜಾತಿಯ ಮೀನು. ಬೆಳ್ಳುಳ್ಳಿ ಕೊಳಂಬು, ಪ್ರಸವ ಲೇಹ್ಯ ಅಲ್ಲಿನ ನಾಟಿ ಔಷಧದ ಅಂಗಡಿಗಳಲ್ಲಿ, ಮನೆಗಳಲ್ಲಿ ಮಾಮೂಲು. ಪಕ್ಕದ ಕ್ವಾರ್ಟರ್ಸ್‌ನ ಪಂಜಾಬಿನ ಆಂಟಿ ಗೋಂದಿನ ಲಡ್ಡು ತಂದುಕೊಟ್ಟರೂ ಆಶ್ಚರ್ಯವಿಲ್ಲ. ಮೂರೂ ಪಡೆಗಳಲ್ಲಿ ಯೋಧರ ಪತ್ನಿಯರ ಸಂಘಗಳಿವೆ, ಭೂಸೇನೆಯ ‘ಆವಾ’ 1966ರಷ್ಟು ಹಳೆಯದು. ಒಬ್ಬಂಟಿ ಬಾಣಂತಿಗೆ ಆಸ್ಪತ್ರೆಗೆ ಜೊತೆ ಬೇಕಾದಾಗ ಮುಜುಗರ ಬಿಟ್ಟು ಅಲ್ಲಿ ಕೇಳಬಹುದು. ಹೆರಿಗೆಯ ನಂತರ ಸುಮ್ಮನೆ ಅಳು ಬರುವುದು, ನಿದ್ದೆ ಬಾರದಿರುವುದು ಎರಡು ವಾರ ದಾಟಿದರೆ ಅದನ್ನು ‘ಊರಿನ ನೆನಪು’ ಅಂತ ತಳ್ಳಿಹಾಕದೆ ವೈದ್ಯರಿಗೆ ಹೇಳಬೇಕು.

ಮಗುವಿನ ಕಿವಿಯಲ್ಲಿ ಅದಾನ್ ಹೇಳಲು ತಂದೆಯೇ ಇರಬೇಕೆಂದಿಲ್ಲ. ಅಜ್ಜನೋ ಮಾವನೋ ಹೇಳಬಹುದು. ಅಖೀಖಾ ಏಳನೇ ದಿನ ಉತ್ತಮ, ಆದರೆ ಶಾಫಿ ಮದ್‌ಹಬ್ ಪ್ರಕಾರ ಆಮೇಲೆ ಮಾಡಿದರೂ ಆಗ್ತದೆ. ತಂದೆಯ ರಜೆಗೆ ಹೊಂದಿಸಿಕೊಂಡು ಊರಿನಲ್ಲಿ ಮಾಡುವವರಿದ್ದಾರೆ. ಸಾಲ ಮಾಡಿ ಹಾಲ್ ಬುಕ್ ಮಾಡುವ ಈಗಿನ ಫ್ಯಾಷನ್ನಿಗೆ ಮಾತ್ರ ಯಾವ ಮದ್‌ಹಬ್‌ನಲ್ಲೂ ಪುರಾವೆ ಇಲ್ಲ!

ಬಟ್ಟೆಯ ಚಿಂತೆ ಈ ಊರಲ್ಲಿ ಬೇಡ. ತಿರುಪ್ಪೂರು ದೇಶದ ಬನಿಯನ್ ರಾಜಧಾನಿ. ಹತ್ತಿಯ ಜಬಲ, ಟೊಪ್ಪಿ, ಕಾಲುಚೀಲ ಅಲ್ಲಿನ ಅಂಗಡಿಗಳಲ್ಲಿ ಬೇಕಾದಷ್ಟು ಸಿಗ್ತದೆ. ಹೊಸ ಬಟ್ಟೆಯನ್ನು ಒಮ್ಮೆ ತೊಳೆದು ಬಿಸಿಲಿಗೆ ಹಾಕಿಯೇ ಮಗುವಿಗೆ ತೊಡಿಸಬೇಕು.

ಲಸಿಕೆ ಮತ್ತು ಟ್ರಾನ್ಸ್‌ಫರ್

ಹುಟ್ಟಿದಾಗಲೇ ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ. ಮತ್ತೆ 6, 10, 14 ವಾರಗಳಲ್ಲಿ, 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ. ಈ ರಾಷ್ಟ್ರೀಯ ವೇಳಾಪಟ್ಟಿ ಎಲ್ಲ ರಾಜ್ಯಗಳಲ್ಲೂ ನಡೆಯುವುದರಿಂದ ಒಂದು ಡೋಸ್ ಸೂಲೂರಿನಲ್ಲಿ, ಮುಂದಿನದ್ದು ಉಳ್ಳಾಲದಲ್ಲಿ ಹಾಕಿಸಿದರೂ ತೊಂದರೆ ಇಲ್ಲ. ಕಾರ್ಡ್ ಮಾತ್ರ ಸಾಮಾನಿನ ಪೆಟ್ಟಿಗೆಯಲ್ಲಿ ಹೋಗಬಾರದು, ಕೈಚೀಲದಲ್ಲಿರಬೇಕು.

ಎರಡನೇ ಮಗು ಬಂದಾಗ ದೊಡ್ಡದರ ಶಾಲೆಯ ಪ್ರಶ್ನೆಯೂ ಏಳ್ತದೆ. ಶಿಕ್ಷಣ ಭತ್ಯೆ ಹಿರಿಯ ಇಬ್ಬರು ಮಕ್ಕಳಿಗೆ, 2024ರ ಜನವರಿಯಿಂದ ಒಬ್ಬರಿಗೆ ತಿಂಗಳಿಗೆ ₹2,812.50. ಸೂಲೂರಿನಲ್ಲಿ ಕೇಂದ್ರೀಯ ವಿದ್ಯಾಲಯ ಇದೆ, ವರ್ಗಾವಣೆಯಾಗುವ ಕೇಂದ್ರ ನೌಕರರ ಮಕ್ಕಳಿಗೆ ಆದ್ಯತೆ. ಇನ್ನು ತಿರುಪ್ಪೂರು ಜಿಲ್ಲೆಯ ಅಮರಾವತಿ ನಗರದಲ್ಲಿ, ಅಣೆಕಟ್ಟಿನ ಪಕ್ಕದಲ್ಲಿ 1962ರಿಂದ ಸೈನಿಕ ಶಾಲೆ ನಡೆಯುತ್ತಿದೆ. ಸೈನಿಕ ಶಾಲೆಗಳಲ್ಲಿ ಯೋಧರ ಮಕ್ಕಳಿಗೆ ಸೀಟು ಮೀಸಲು, 2021-22ರಿಂದ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದೆ. ಆರನೇ ತರಗತಿಗೆ ಸೇರಲು ಮಾರ್ಚ್ 31ಕ್ಕೆ ವಯಸ್ಸು 10ರಿಂದ 12ರೊಳಗಿರಬೇಕು, ಅಲ್ಲಿ ನೋಡುವುದೂ ಹುಟ್ಟಿದಾಗ ಕೈಗೆ ಬಂದ ಅದೇ ಪ್ರಮಾಣಪತ್ರವನ್ನು.