ಯೂನಿಕ್ಸಿನ ಗುಪ್ತಪದಗಳ ಕಡತ

ಒಂದೇ ಗಣಕಯಂತ್ರವನ್ನು ಅನೇಕರು ಏಕಕಾಲದಲ್ಲಿ ಉಪಯೋಗಿಸುವ ಪದ್ಧತಿಯು ಹುಟ್ಟಿದಂದಿನಿಂದಲೂ, ಬಂದವನು ತಾನು ಹೇಳಿಕೊಳ್ಳುವವನೇ ಅಹುದೋ ಅಲ್ಲವೋ ಎಂಬುದನ್ನು ಯಂತ್ರವೇ ನಿರ್ಣಯಿಸಬೇಕಾಯಿತು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಸಿ.ಟಿ.ಎಸ್.ಎಸ್. ಎಂಬ ವ್ಯವಸ್ಥೆಯಲ್ಲಿ ಗುಪ್ತಪದಗಳನ್ನು ಯಥಾವತ್ತಾಗಿ ಬರೆದಿಟ್ಟ ಕಡತವೊಂದಿದ್ದಿತು. ಅದನ್ನು ಮರೆಯಲ್ಲಿಡುವುದೇ ಅದಕ್ಕಿದ್ದ ರಕ್ಷಣೆ. 1966ರಲ್ಲಿ ಆ ಕಡತವೂ ದಿನದ ಪ್ರಕಟಣೆಯ ಕಡತವೂ ತಿದ್ದುವಾಗ ಅದಲುಬದಲಾಗಿ, ಒಳಬಂದವರೆಲ್ಲರ ಮುಂದೆಯೂ ಸಕಲರ ಗುಪ್ತಪದಗಳು ಅಚ್ಚಾಗಿ ಬಂದವು.

ಬೆಲ್ ಪ್ರಯೋಗಶಾಲೆಯ ಯೂನಿಕ್ಸ್ ವ್ಯವಸ್ಥೆಯೂ ಮೊದಲು ಇದೇ ಮಾರ್ಗವನ್ನು ಹಿಡಿದಿದ್ದು, ಬಳಿಕ ಅದನ್ನು ತೊರೆಯಿತು. ಪದವನ್ನು ಇಡದೆ, ಅದರಿಂದ ಗಣಿಸಲ್ಪಟ್ಟ, ಹಿಂದಿರುಗಿಸಲು ಅಸಾಧ್ಯಪ್ರಾಯವಾದ ರೂಪವನ್ನು ಮಾತ್ರ ಇಡುವ ಈ ಉಪಾಯವನ್ನು ಕೇಂಬ್ರಿಜಿನ ಮಾರಿಸ್ ವಿಲ್ಕ್ಸ್ ಅವರು 1968ರ ತಮ್ಮ ಗ್ರಂಥದಲ್ಲಿಯೇ ವಿವರಿಸಿದ್ದರು. ಮೂಲಪದವೇ ಇಲ್ಲದ ಮೇಲೆ ಕಡತವನ್ನು ಬಚ್ಚಿಡುವ ಅಗತ್ಯವೇನು? ಬಳಕೆದಾರರ ಸಂಖ್ಯೆಗಳಿಂದ ಅವರ ಹೆಸರುಗಳನ್ನು ತಿಳಿಯಲು ಇತರ ಕಾರ್ಯಕ್ರಮಗಳಿಗೂ ಆ ಕಡತವು ಬೇಕಾಗಿದ್ದುದರಿಂದ, ಅದನ್ನು ಯಾರು ಬೇಕಾದರೂ ಓದುವಂತೆ ಬಿಡಲಾಯಿತು.

ಈ ತರ್ಕದಲ್ಲಿ ದೋಷವಿರಲಿಲ್ಲ. ದೋಷವಿದ್ದುದು ಜನರು ಆರಿಸುವ ಪದಗಳಲ್ಲಿ. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಅವರು 1979ರಲ್ಲಿ ಪ್ರಕಟಿಸಿದ ಲೇಖನವು ಇದಕ್ಕೆ ಪ್ರಬಲವಾದ ಸಾಕ್ಷಿ. ಅವರು ಸಂಗ್ರಹಿಸಿದ 3289 ಗುಪ್ತಪದಗಳಲ್ಲಿ 2831 ಪದಗಳು ತೀರ ಚಿಕ್ಕವಾಗಿದ್ದವು, ಇಲ್ಲವೆ ನಿಘಂಟು, ನಾಮಾವಳಿ ಮುಂತಾದವುಗಳಲ್ಲಿ ದೊರೆಯುವಂಥವಾಗಿದ್ದವು. ಆದಕಾರಣ ಗಣನೆಯನ್ನೇ ನಿಧಾನಗೊಳಿಸಲು ಡಿ.ಇ.ಎಸ್. ಎಂಬ ಗೂಢಲಿಪಿಯನ್ನು ಆಧರಿಸಿದ ಕ್ರಿಯೆಯನ್ನು 25 ಬಾರಿ ಆವರ್ತಿಸಲಾಯಿತು. ಇದರೊಡನೆ 12 ಬಿಟ್‌ಗಳ ಒಂದು ಯಾದೃಚ್ಛಿಕ ಸಂಖ್ಯೆಯನ್ನೂ ಬೆರೆಸಿದರು. ಅದಕ್ಕೆ ‘ಉಪ್ಪು’ ಎಂಬ ಸ್ವಾರಸ್ಯವಾದ ಹೆಸರು. ಇದರಿಂದ ಒಂದೇ ಪದಕ್ಕೆ 4096 ರೂಪಗಳು ಸಾಧ್ಯವಾಗಿ, ಮೊದಲೇ ಲೆಕ್ಕಹಾಕಿಟ್ಟ ಪಟ್ಟಿಗಳು ನಿಷ್ಪ್ರಯೋಜಕವಾಗತೊಡಗಿದವು.

ಆದರೂ ಯಂತ್ರಗಳ ವೇಗವು ವರ್ಷೇವರ್ಷೇ ಹೆಚ್ಚುತ್ತಿದ್ದಿತು. 1988ರ ನವೆಂಬರಿನಲ್ಲಿ ಜಾಲವನ್ನೆಲ್ಲ ಕದಡಿದ ‘ಹುಳು’ವು ಆ ತೆರೆದ ಕಡತದ ಗುಪ್ತಪದಗಳನ್ನೂ ಊಹಿಸಿ ಹಬ್ಬಿತು, ಅದನ್ನು ಬರೆದವನು ಮೇಲ್ಕಂಡ ಮಾರಿಸರ ಮಗನೇ. ಆ ದಶಕದ ಕೊನೆಯ ವೇಳೆಗೆ ಕೆಲವು ಯೂನಿಕ್ಸ್ ವ್ಯವಸ್ಥೆಗಳಲ್ಲಿ, ಕ್ರಮೇಣ ಉಳಿದವುಗಳಲ್ಲಿಯೂ, ಗೂಢರೂಪಗಳನ್ನು ಆಡಳಿತಗಾರನಿಗೆ ಮಾತ್ರ ಓದಲು ಬರುವ ‘ನೆರಳು’ ಕಡತಕ್ಕೆ ಸಾಗಿಸಲಾಯಿತು. ಹೀಗೆ ಯಾವ ಮರೆಯನ್ನು ಅನಾವಶ್ಯಕವೆಂದು ತೊರೆಯಲಾಗಿತ್ತೋ ಅದೇ ಹಿಂದಿರುಗಿ ಬಂದಿತು. ಲಿನಕ್ಸಿನ ಹಳೆಯ ಕಡತದಲ್ಲಿ ಗುಪ್ತಪದದ ಅಂಕಣವು ಇಂದಿಗೂ ಉಳಿದಿದೆ. ಸಾಮಾನ್ಯವಾಗಿ ಅಲ್ಲಿ ಕಾಣುವುದು ‘ಎಕ್ಸ್’ ಎಂಬ ಒಂದೇ ಅಕ್ಷರ.