ಬಾಂಬಿಗೆ ಬೀಳದ್ದು, ಉಗುಳಿಗೆ ಸವೆಯಿತು

ಇವತ್ತು ಒಂದು ಮೋರಿ ಕಟ್ಟಿದ್ರೂ ರಿಬ್ಬನ್ ಕತ್ತರಿಸೋಕೆ ನಾಯಕರು ಸಾಲುಗಟ್ಟಿ ನಿಲ್ತಾರೆ. ಕೋಲ್ಕತ್ತಾದ ಹೌರಾ ಸೇತುವೆ 1943ರ ಫೆಬ್ರವರಿಯಲ್ಲಿ ಸಂಚಾರಕ್ಕೆ ತೆರೆದಾಗ ಸಮಾರಂಭವೇ ಇರಲಿಲ್ಲ. ಜಪಾನಿ ಬಾಂಬುಗಳ ಭಯ!

ಮೊದಲು ಅಲ್ಲಿದ್ದದ್ದು 1874ರ ತೇಲುಸೇತುವೆ. ಹಡಗು ದಾಟಬೇಕೆಂದರೆ ಅದನ್ನು ನಡುವೆ ಬಿಚ್ಚಬೇಕಿತ್ತು. ಅಲ್ಲೀತನಕ ಗಾಡಿ, ಜನ ಎಲ್ಲ ದಡದಲ್ಲೇ. ಹೊಸ ಸೇತುವೆಗೆ ಹೂಗ್ಲಿ ನದಿಯ ನಡುವೆ ಒಂದೂ ಕಂಬವಿಲ್ಲ. ಇಂಜಿನಿಯರಿಂಗ್ ಓದಿದ ನನಗೆ ಸೋಜಿಗ ಇದೇ. ಎರಡು ಗೋಪುರಗಳ ನಡುವೆ 457 ಮೀಟರ್ ಅಂತರ. ತ್ರಿಕೋನ ತ್ರಿಕೋನವಾಗಿ ಹೆಣೆದ ಉಕ್ಕಿನ ತೋಳುಗಳು ಎರಡೂ ಕಡೆಯಿಂದ ಚಾಚಿ ನಡುವಿನ ತುಂಡನ್ನು ಹಿಡಿದಿವೆ. ತೋಳು ಮುಂದಕ್ಕೆ ಮುಗ್ಗರಿಸದಂತೆ ಹಿಂಬದಿಯನ್ನು ನೆಲಕ್ಕೆ ಬಿಗಿದಿದ್ದಾರೆ. ರಸ್ತೆ ಕೆಳಗೆ ತೂಗುಸರಳುಗಳಲ್ಲಿ ನೇತಾಡುತ್ತೆ. ಜೋಡಣೆಗೆ ನಟ್ಟು-ಬೋಲ್ಟಲ್ಲ, ರಿವೆಟ್ಟು. 26,500 ಟನ್ ಉಕ್ಕಿನಲ್ಲಿ 23,000 ಟನ್ ನಮ್ಮ ಟಾಟಾದ್ದೇ.

ಯುದ್ಧಕಾಲವನ್ನೇ ದಾಟಿ ನಿಂತ ಈ ಉಕ್ಕನ್ನು ತಿಂದಿದ್ದು ಏನು ಗೊತ್ತಾ? ಪಾನ್ ಉಗುಳು! ತೂಗುಸರಳುಗಳ ಬುಡದ ಉಕ್ಕಿನ ಹೊದಿಕೆ ಸವೆದು ತೆಳ್ಳಗಾಯ್ತು. ಕೊನೆಗೆ ಬಂದರು ಟ್ರಸ್ಟ್ ಅದಕ್ಕೆ ಫೈಬರ್‌ಗ್ಲಾಸ್ ಕವಚ ತೊಡಿಸಬೇಕಾಯ್ತು. ಸೇತುವೆ ಕಟ್ಟೋಕೆ ಇಂಜಿನಿಯರುಗಳು ಬೇಕು ಸ್ವಾಮಿ. ಉಗುಳದೇ ಇರೋಕೆ ನಾವು ನೀವೇ ಸಾಕು.